ತಟ್ಟಿದ ಮನೆಯ ಗಾಡಿ

ಬಾಗಿಲು ತಟ್ಟಿದ ಸದ್ದು ಕೇಳಿಸಿತು. ಮೂರು ಸಲ, ನಡುವೆ ಒಂದೊಂದು ಉಸಿರಿನಷ್ಟು ಬಿಡುವು ಕೊಟ್ಟು.

ಆಗಷ್ಟೇ ಊಟ ಮುಗಿದಿತ್ತು. ಅಪ್ಪ ಎಲೆಯಡಿಕೆಯ ತಟ್ಟೆಯನ್ನು ಕೆಳಗಿಟ್ಟ. ಅಮ್ಮ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದಳು. ನಡುಮನೆಯ ಆಚೆ ಪಕ್ಕದಿಂದ ಚಿಕ್ಕಪ್ಪ ಲಾಟೀನು ಹಿಡಿದು ಬಂದ. ಅವನ ಹಿಂದೆ ದಾಕ್ಷಾಯಣಿ ಚಿಕ್ಕಮ್ಮ, ಕಂಕುಳಲ್ಲಿ ಕಂಬಳಿ. ಬಂದವರು ಯಾರೆಂದು ಯಾರೂ ಕೇಳಲಿಲ್ಲ. ನಾನು ಚಾಪೆಗಳನ್ನು ಸುತ್ತಿ ಹುರಿ ಬಿಗಿದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ, ನಡೆಯಲಾಗದ ಅಜ್ಜಿ ಕೂತಿದ್ದ ಕುರ್ಚಿಯ ಎರಡು ಬದಿಗೆ ನಿಂತು, ಒಂದೇ ಸಲಕ್ಕೆ ಎತ್ತಿದರು. ಹೊಸ್ತಿಲು ದಾಟುವಾಗ ಚಿಕ್ಕಮ್ಮ ಎಲ್ಲರಿಗೂ ಕೇಳುವಂತೆ ಗೊಣಗಿದಳು:

"ನಮ್ಮದೇ ಅಂತ ಒಂದ್ ಬಾಗ್ಲಿದ್ದಿದ್ರೆ ಇಷ್ಟೊತ್ಗೆ ಮಲಗಿರ್ತಿದ್ವಿ."

ನಮ್ಮ ಊರಿನಲ್ಲಿ ತಟ್ಟಿದ ಮನೆಯೊಳಗೆ ಆ ರಾತ್ರಿ ನಿದ್ರೆ ಬರುವುದಿಲ್ಲ. ಎಷ್ಟು ದಣಿದವರಿಗೂ ಬರುವುದಿಲ್ಲ, ಹಾಲುಗೂಸಿಗೂ ಬರುವುದಿಲ್ಲ. ಹಟಕ್ಕೆ ಬಿದ್ದು ಒಳಗೇ ಉಳಿದವರು ಬೆಳಗಿನವರೆಗೆ ಕಣ್ಣು ತೆರೆದುಕೊಂಡು ಕೂತಿದ್ದು, ಆಮೇಲೆ ತಿಂಗಳುಗಟ್ಟಲೆ ಸುಸ್ತು ಬಿದ್ದಿದ್ದನ್ನು ಊರು ಕಂಡಿತ್ತು. ಆದ್ದರಿಂದ ತಟ್ಟಿಸಿಕೊಂಡವರು ಹಾಸಿಗೆ ಹೊತ್ತು, ಗಡಿಗಲ್ಲು ದಾಟಿ, ಆಚೆಗಿನ ತಂಗುಬಯಲಿಗೆ ಹೋಗಿ ಮಲಗುತ್ತಿದ್ದರು. ಮಾರನೆಯ ದಿನ ಎಲ್ಲ ಮೊದಲಿನಂತೆ. ತಟ್ಟುವ ಕೈಯನ್ನು ಯಾರೂ ಕಂಡವರಿಲ್ಲ, ಯಾರ ಮನೆಗೆ ಯಾವಾಗ ಬರುವುದೆಂದು ಹೇಳಲಾಗದು. ಕೆಲವರಿಗೆ ವರ್ಷಕ್ಕೊಮ್ಮೆ, ಕೆಲವರಿಗೆ ಹಬ್ಬದ ಹಿಂದೆ ಹಬ್ಬದಂತೆ. ಹೆಣ್ಣು ಕೊಡುವವರು ಹುಡುಗನ ಗುಣದ ಜೊತೆಗೆ ಮನೆಯ ತಟ್ಟನ್ನೂ ವಿಚಾರಿಸುತ್ತಿದ್ದರು. ತಟ್ಟಿದ ಮನೆಯ ಮಕ್ಕಳು ಶಾಲೆಗೆ ತಡವಾಗಿ ಬಂದರೆ ಮೇಷ್ಟ್ರು ಕೋಲು ಎತ್ತುತ್ತಿರಲಿಲ್ಲ. ಗಡಿಗಲ್ಲಿನ ಪಕ್ಕದ ಚಹಾದಂಗಡಿಯವನು ಬಯಲಿನಲ್ಲಿ ಲಾಟೀನು ಕಂಡರೆ ಒಲೆ ಹೊತ್ತಿಸಿಯೇ ಮಲಗುತ್ತಿದ್ದ.

ಇನ್ನೊಂದು ಕಟ್ಟಳೆಯಿತ್ತು. ಒಂದು ಬಾಗಿಲು ಎಂದರೆ ಒಂದು ಮನೆ. ಒಳಗೆ ಎಷ್ಟು ಒಲೆ ಉರಿದರೂ, ಬೀದಿಗೆ ತೆರೆಯುವ ಬಾಗಿಲು ಒಂದೇ ಇದ್ದರೆ ತಟ್ಟು ಎಲ್ಲರಿಗೂ ಸೇರಿ ಬೀಳುತ್ತಿತ್ತು. ಅದಕ್ಕೇ ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾಗುವುದಕ್ಕೆ 'ಬಾಗಿಲು ಒಡೆಸುವುದು' ಎನ್ನುತ್ತಿದ್ದರು. ಗಾರೆಯವನು ಬಂದು ಬೀದಿಗೋಡೆಯಲ್ಲಿ ಎರಡನೆಯ ಬಾಗಿಲು ತೆರೆದನೆಂದರೆ ಆ ಮನೆ ಎರಡಾಯಿತು. ಅಲ್ಲಿಂದ ಮುಂದೆ ಅವರ ರಾತ್ರಿಗಳು ಬೇರೆ, ಇವರ ರಾತ್ರಿಗಳು ಬೇರೆ. ಒಮ್ಮೆ ತೆರೆದ ಬಾಗಿಲನ್ನು ಮತ್ತೆ ಮುಚ್ಚಿದ ಮನೆ ನಮ್ಮ ಊರಲ್ಲಿ ಒಂದೂ ಇರಲಿಲ್ಲ.

ನಮ್ಮ ಮನೆ ಆ ಅಂಚಿಗೆ ಬಂದು ನಿಂತಿತ್ತು. ಕಾರಣ ಅಂಗಳದಲ್ಲೇ ಇತ್ತು: ಬಿಳಿಯ ಬಣ್ಣದ, ಬೆನ್ನು ಉದ್ದನೆಯ ಹಳೆಯ ಸ್ಟೇಷನ್ ವ್ಯಾಗನ್.

ಅದು ಅಪ್ಪನ ಬಾಡಿಗೆ ಕಾರು. ಊರಿನವರ ಬಾಯಲ್ಲಿ ಉದ್ದನ ಕಾರು. ಎಷ್ಟು ಮದುಮಕ್ಕಳು, ಎಷ್ಟು ಬಾಣಂತಿಯರು ಅದರಲ್ಲಿ ಕೂತು ಬಂದಿದ್ದರೋ ಲೆಕ್ಕವಿಲ್ಲ. ನನಗೆ ನೆನಪಿರುವುದು ಮಾತ್ರ ತಟ್ಟಿನ ರಾತ್ರಿಗಳು. ತಟ್ಟು ಬಿದ್ದ ಕೂಡಲೇ ಅಪ್ಪ ಕಾರು ತೆಗೆಯುತ್ತಿದ್ದ. ಚಿಕ್ಕಪ್ಪ ಹಿಂದಿನ ಸೀಟು ಮಡಚಿ ಹಾಸಿಗೆ ಹಾಸುತ್ತಿದ್ದ. ದಾರಿಯಲ್ಲಿ ಇನ್ನಾರಾದರೂ ಚಾಪೆ ಹೊತ್ತು ನಡೆಯುತ್ತಿದ್ದರೆ ಅವರನ್ನೂ ಹತ್ತಿಸಿಕೊಳ್ಳುತ್ತಿದ್ದೆವು. ಬಯಲು ಸೇರಿದ ಮೇಲೆ ಹಿಂಬಾಗಿಲನ್ನು ಮೇಲಕ್ಕೆತ್ತಿ, ಕಾಲುಗಳನ್ನು ಹೊರಗೆ ಚಾಚಿ, ಅಮ್ಮ ಮತ್ತು ಚಿಕ್ಕಮ್ಮ ಅಕ್ಕಪಕ್ಕ ಮಲಗಿ ಮಾತಾಡುತ್ತಿದ್ದರು. ಏನು ಮಾತಾಡುತ್ತಿದ್ದರೋ, ನಡುವೆ ಉಕ್ಕುವ ನಗು ಮಾತ್ರ ನನ್ನ ನಿದ್ರೆಯೊಳಗೆ ಬಂದು ಬೀಳುತ್ತಿತ್ತು. ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ನನ್ನ ತಲೆ ಅವಳ ತೋಳಿನ ಮೇಲೆಯೇ ಇರುತ್ತಿತ್ತು.

ಒಂದು ಬೇಸಿಗೆ, ಅಪ್ಪನಿಗೆ ಜ್ವರ ಬಂದಿದ್ದಾಗ, ಚಿಕ್ಕಪ್ಪ ದಿಬ್ಬಣದವರನ್ನು ಕರೆತರಲು ಕಾರು ತೆಗೆದುಕೊಂಡು ಹೋದ. ಘಾಟಿ ಏರುವಾಗ ರೇಡಿಯೇಟರಿನ ನೀರು ಬತ್ತಿ ಎಂಜಿನ್ ಹಿಡಿದುಕೊಂಡು ಹಾಳಾಯಿತು. ಎತ್ತು ಕಟ್ಟಿ ಎಳೆದು ತಂದರು. ನೀರಿನ ಪೈಪು ಸೀಳಿತ್ತೆಂದು ಚಿಕ್ಕಪ್ಪ ಹೇಳಿದ. ನೀರು ನೋಡದೆ ಹೊರಟೆಯೆಂದು ಅಪ್ಪ ಹೇಳಿದ. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಬಾವಿಕಟ್ಟೆಯಲ್ಲಿ, ನಾಲ್ಕು ಜನ ಹೆಂಗಸರ ಎದುರಿಗೆ, ಅಮ್ಮ ಚಿಕ್ಕಪ್ಪನನ್ನು ಕಾರು ಕೊಂದವನು ಎಂದಳು. ಚಿಕ್ಕಮ್ಮ ಬಿಂದಿಗೆಯನ್ನು ಕೆಳಗಿಟ್ಟು, ಅದೇ ನಾಲ್ಕು ಜನರ ಎದುರಿಗೆ, ಹಾಗಾದರೆ ಬಾಗಿಲು ಒಡೆಸುತ್ತೇವೆ ಎಂದಳು.

ನಮ್ಮ ಊರಿನಲ್ಲಿ ಆ ಮಾತನ್ನು ನೆರೆಯವರ ಎದುರು ಆಡಿ ಹಿಂದಕ್ಕೆ ತೆಗೆದುಕೊಂಡವರನ್ನು ನಾನು ಕಂಡಿಲ್ಲ. ಹೆಂಡತಿಯ ಮಾತಿಗೆ ಬೆಲೆ ಕೊಡದ ಗಂಡ ಎನಿಸಿಕೊಳ್ಳಬಾರದೆಂದು ಚಿಕ್ಕಪ್ಪ ಗಾರೆಯ ಚಿಕ್ಕಬೋರಯ್ಯನನ್ನು ಕಂಡು ಬಂದ. ತಮ್ಮನೇ ಕೇಳಿದ ಮೇಲೆ ತಾನು ಅಡ್ಡ ನಿಂತರೆ ಚೆನ್ನಾಗಿರುವುದಿಲ್ಲವೆಂದು ಅಪ್ಪ ಒಪ್ಪಿಕೊಂಡ. ಮಳೆಗಾಲ ಕಳೆಯಲಿ, ಆಮೇಲೆ ಗೋಡೆ ಮುಟ್ಟುತ್ತೇನೆ ಎಂದ ಚಿಕ್ಕಬೋರಯ್ಯ. ಅಲ್ಲಿಂದ ಒಳಗೆ ಎರಡು ಒಲೆ ಹೊತ್ತಿದವು. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ತಟ್ಟು ಬಿದ್ದಾಗ ಅಜ್ಜಿಯ ಕುರ್ಚಿ ಎತ್ತುವುದೊಂದೇ ಅವರು ಸೇರಿ ಮಾಡುವ ಕೆಲಸವಾಗಿ ಉಳಿಯಿತು.

ನಾನು ಮೊದಲು ಹೇಳಿದ ಆ ರಾತ್ರಿ ಅದೂ ಕೆಟ್ಟಿತು. ಗಡಿಗಲ್ಲಿನ ಬಳಿ ಇಳಿಜಾರಿನಲ್ಲಿ ಇಬ್ಬರ ಹೆಜ್ಜೆ ತಪ್ಪಿ ಕುರ್ಚಿ ವಾಲಿತು. ಅಜ್ಜಿ ಜಾರಿ ಬಿದ್ದಳು. ಹೆಚ್ಚೇನೂ ಪೆಟ್ಟಾಗಲಿಲ್ಲ. ಅಪ್ಪ ತಮ್ಮನ ಕಡೆಗೂ, ಚಿಕ್ಕಪ್ಪ ಅಣ್ಣನ ಕಡೆಗೂ ಕೆಂಗಣ್ಣು ಬಿಟ್ಟರು. ಅಜ್ಜಿ ಸೆರಗಿನ ಮಣ್ಣು ಕೊಡವಿಕೊಂಡು, ಇನ್ನು ಮೇಲೆ ತನ್ನನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದು ತಣ್ಣಗೆ ಹೇಳಿದಳು. ಕಣ್ಣು ಮುಚ್ಚದೆ ಕೂರುವುದು ತನಗೇನೂ ಕಷ್ಟವಲ್ಲ, ಇತ್ತೀಚೆಗೆ ಹಾಗೆಯೇ ಕೂತಿರುತ್ತೇನೆ ಎಂದಳು.

ಮರುದಿನ ಚಿಕ್ಕಪ್ಪ ಗುಜರಿಯವನನ್ನು ಕರೆಸಿದ. ಬಾಗಿಲು ಒಡೆಯುವ ಮೊದಲು ಅಂಗಳ ಖಾಲಿಯಾಗಬೇಕಿತ್ತು. ಗುಜರಿಯವನು ಕಾರಿನ ಸುತ್ತ ಸುತ್ತಿ, ಮುಂಭಾಗ ಸಾಕು, ಎಂಜಿನ್ನಿನ ಕಬ್ಬಿಣವೇ ತನಗೆ ಬೇಕಾದದ್ದು, ಹಿಂದಿನ ಡೊಳ್ಳುಹೊಟ್ಟೆ ಬರೀ ತಗಡು ಎಂದು ಮೂಗು ಮುರಿದ. ನಾನು ಆಗ ಹೊಲಿಗೆ ಕಲಿಸುತ್ತಿದ್ದೆ. ಹಳೆಯ ಬಟ್ಟೆಯನ್ನು ಎಲ್ಲಿ ಕತ್ತರಿಸಿದರೆ ಹೊಸದಾಗುತ್ತದೆಂದು ಹುಡುಕುವುದು ಕಣ್ಣಿಗೆ ಅಭ್ಯಾಸವಾಗಿತ್ತು. ಹಿಂದಿನ ಚಕ್ರ ಎರಡೂ ಗಟ್ಟಿಯಾಗಿದ್ದವು. ಹಿಂಬಾಗಿಲು ಎತ್ತಿದರೆ ಈಗಲೂ ನಿಲ್ಲುತ್ತಿತ್ತು. ಮುಂಭಾಗವನ್ನು ಕೊಯ್ದು ಕೊಟ್ಟುಬಿಡೋಣ, ಉಳಿದದ್ದಕ್ಕೆ ಮುಂದೆ ಮೂಕಿಯ ಮರ ಕಟ್ಟಿ ಎಳೆಯುವ ಗಾಡಿ ಮಾಡೋಣ, ಅಜ್ಜಿ ಮಲಗಿಕೊಂಡೇ ಬಯಲಿಗೆ ಬರಬಹುದು ಎಂದೆ.

ಅಪ್ಪ ಕಾರಿನ ಬಳಿಗೆ ಹೋಗಿ ಸ್ಟೀರಿಂಗಿನ ಹಿಂದೆ ಕೂತ. ತುಂಬ ಹೊತ್ತು ಕೂತ. ಇಳಿದು ಬಂದವನೇ, ಫಕ್ರುದ್ದೀನನನ್ನು ಕರಿ ಎಂದ.

ಫಕ್ರುದ್ದೀನ್ ಊರಿನ ಒಬ್ಬನೇ ವೆಲ್ಡರು. ಗೇಟು, ಕಿಟಕಿ, ನೇಗಿಲು ಯಾವುದನ್ನು ಕೊಟ್ಟರೂ ಇದಕ್ಕಿಂತ ದೊಡ್ಡದನ್ನು ಮಾಡಿದ್ದೇನೆ ಎಂದೇ ಆರಂಭಿಸುತ್ತಿದ್ದ. ಅಂದೂ ಹಾಗೆಯೇ ಆರಂಭಿಸಿ, ಮುಂದಿನ ಬಾಗಿಲುಗಳ ಹಿಂದೆ ಸುಣ್ಣದ ಗೆರೆ ಎಳೆದು, ಗ್ಯಾಸ್ ಹೊತ್ತಿಸಿದ. ಕಿಡಿ ಹಾರತೊಡಗಿತು. ಅಪ್ಪ ಬೆನ್ನು ತಿರುಗಿಸಿ ನಿಂತಿದ್ದ. ಆಗ ಒಳಗಿನಿಂದ ಚಿಕ್ಕಪ್ಪ ಅರ್ಧ ಕ್ಷೌರದ ಮುಖದಲ್ಲಿ ಓಡಿ ಬಂದ.

"ಅಲ್ಲಿ ಕೊಯ್ಬೇಡವೋ. ಅಣ್ಣಾ, ಅಲ್ಲಿ ಕೊಯ್ದ್ರೆ ಚಾಸಿ ಬಗ್ಗುತ್ತೆ. ಒಂದ್ ಗೇಣು ಮುಂದೆ ಬಿಡ್ಸು."

ಅಣ್ಣಾ ಎಂಬ ಆ ಪದ ಅಂಗಳದಲ್ಲಿ ಬಿದ್ದು ಬಹಳ ದಿನಗಳಾಗಿದ್ದವು. ಅಪ್ಪ ತಿರುಗಿ ತಮ್ಮನ ಸೋಪಿನ ಮುಖವನ್ನು ನೋಡಿದ. ಸುಣ್ಣದ ಕಡ್ಡಿಯನ್ನು ಅವನ ಕೈಗೆ ಕೊಟ್ಟ. ಹೊಸ ಗೆರೆಯನ್ನು ಚಿಕ್ಕಪ್ಪ ಎಳೆದ.

ಆಮೇಲಿನ ಕೆಲಸವನ್ನು ನೆನೆದರೆ ಈಗಲೂ ನನ್ನ ಮೂಗಿಗೆ ಸುಟ್ಟ ಬಣ್ಣದ ವಾಸನೆ ಬರುತ್ತದೆ. ಅಣ್ಣತಮ್ಮಂದಿರು ಮಾತು ಕಡಿಮೆ, ಕೈ ಜಾಸ್ತಿ ಎನ್ನುವಂತೆ ದುಡಿದರು. ಸ್ಪ್ಯಾನರ್ ಬೇಕಾದರೆ ನನ್ನ ಮೂಲಕ ಕೇಳಿಕೊಳ್ಳುತ್ತಿದ್ದರು. ನಾನು ಅಂಗಳದಲ್ಲಿ ಇಲ್ಲದಾಗ ನೇರವಾಗಿ ಕೇಳಿಕೊಳ್ಳುತ್ತಿದ್ದರೆಂದು ಫಕ್ರುದ್ದೀನ್ ನನಗೆ ಗುಟ್ಟಾಗಿ ಹೇಳಿದ. ಸೀಟು ಕಿತ್ತರು, ಚಕ್ರದ ಉಬ್ಬುಗಳ ಮೇಲೆ ಹಲಗೆ ಹಾಸಿ ಮಂಚ ಮಾಡಿದರು, ಕೆಳಗೆ ಪಾತ್ರೆಪಡಗ ಇಡಲು ಗೂಡು ಮಾಡಿದರು. ನಾನು ಬೂರುಗದ ಅರಳೆ ತುಂಬಿ ಹಾಸಿಗೆ ಹೊಲಿದೆ. ಕಿಟಕಿಗೆ ಪರದೆ ಬೇಕೆಂದು ಅಮ್ಮನ ಹಳೆಯ ಸೀರೆ ಹರಿಯಲು ಕೂತಾಗ ಚಿಕ್ಕಮ್ಮ ಬಂದು, ತನ್ನ ತವರಿನ ಹಸಿರು ಸೀರೆಯನ್ನು ನನ್ನ ತೊಡೆಯ ಮೇಲೆ ಹಾಕಿ, ಆ ಹಳೇ ಚಿಂದಿಯಲ್ಲಿ ಬೆಳಕು ತಡೆಯೋದಿಲ್ಲ ಎಂದು ಸಿಡುಕಿ ಹೋದಳು.

ಕೊಯ್ದ ಮುಂಭಾಗವನ್ನು ಮುಚ್ಚಲು ಫಕ್ರುದ್ದೀನ್ ಯಾವುದೋ ಹಳೆಯ ಜಾಹೀರಾತಿನ ಹಲಗೆಯ ತಗಡು ತಂದಿದ್ದ. ಅದರ ಮೇಲೆ ಹಲ್ಲುಪುಡಿಯ ಜಾಹೀರಾತಿನ ದೊಡ್ಡದೊಂದು ನಗು: ಮುಖವಿಲ್ಲ, ಬರೀ ಹಲ್ಲಿನ ಸಾಲು. ಬಣ್ಣದ ಮುಖ ಹೊರಗಿರಲಿ ಎಂದು ಅಪ್ಪ ಹೇಳಿದ್ದರೂ ಇವನು ಮಾತಿನ ಭರದಲ್ಲಿ ಅದನ್ನು ಒಳಗೆ ಮಾಡಿ ಬೆಸೆದುಬಿಟ್ಟ. ಅಜ್ಜಿಯನ್ನು ಮೊದಲ ಸಲ ಮಲಗಿಸಿ ನೋಡಿದಾಗ, ಅವಳ ಕಾಲದೆಸೆಯಲ್ಲಿ ಆ ನಗು ಹರಡಿಕೊಂಡಿತ್ತು. ಅಜ್ಜಿ ಅದನ್ನೇ ದಿಟ್ಟಿಸಿದಳು. ಇಷ್ಟು ದಿನಕ್ಕೆ ಈ ಮನೆಯಲ್ಲಿ ಒಬ್ಬರಾದರೂ ನಕ್ಕರಲ್ಲ, ಇರಲಿ ಬಿಡು ಎಂದಳು.

ಗಾಡಿ ಸಿದ್ಧವಾದ ಎಂಟೊಂಬತ್ತು ದಿನಕ್ಕೆ ತಟ್ಟು ಬಿತ್ತು. ಮೂಕಿಗೆ ಅಪ್ಪ, ಚಿಕ್ಕಪ್ಪ. ಹಿಂದಿನಿಂದ ತಳ್ಳಲು ನಾವು ಮೂವರು ಹೆಂಗಸರು. ಒಳಗೆ ಮಹಾರಾಣಿಯಂತೆ ಅಜ್ಜಿ. ಬೀದಿಯವರು ಬಾಗಿಲಿಗೆ ಬಂದು ನಿಂತು ನೋಡಿದರು. ಬಯಲು ಮುಟ್ಟಿದ ಮೇಲೆ ಫಕ್ರುದ್ದೀನನ ಇನ್ನೊಂದು ಕುಶಲತೆ ಬಯಲಾಯಿತು. ಇರುವುದು ಎರಡೇ ಚಕ್ರ. ಮೂಕಿಯ ತುದಿಗೆ ಊರುಗೋಲು ಕೊಡುವುದನ್ನು ಅವನು ಮರೆತಿದ್ದ. ಹಿಂಬದಿಯಲ್ಲಿ ಅಮ್ಮ, ಅಪ್ಪ ಹತ್ತಿದ್ದೇ ತಡ, ಮೂಕಿ ಆಕಾಶಕ್ಕೆ ಎದ್ದು, ಅಜ್ಜಿ ಹಾಸಿಗೆ ಸಮೇತ ಅವರಿಬ್ಬರ ಮೇಲೆ ಜಾರಿ ಬಂದಳು. ಚಿಕ್ಕಪ್ಪ ಮೂಕಿಗೆ ಜೋತುಬಿದ್ದು ಕೆಳಗಿಳಿಸಿ ಕೂಗಿದ:

"ದಾಕ್ಷಾಯಣಿ, ಪಕ್ಕದ್ ಬಾಗ್ಲಿಂದ ಮುಂದ್ಗಡೆ ಹತ್ತು. ನಾವ್ ಈ ಕಡೆ ಕೂತ್ರೇ ಅವ್ರು ಆ ಕಡೆ ಕೂರಕಾಗೋದು."

ಹಾಗೆ ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ಅಜ್ಜಿ ಮತ್ತು ನಾನು ಮಲಗಿದೆವು. ಯಾರಾದರೂ ಮಗ್ಗುಲು ಬದಲಿಸಿದರೆ ಗಾಡಿ ತೂಗುತ್ತಿತ್ತು. ಮೊದಲು ನಕ್ಕವನು ಅಪ್ಪ. ಮುಂದಿನ ವಾರವೇ ಒಂದು ಊರುಗೋಲು ಹಾಕಿದರೂ, ಮಲಗುವ ಜಾಗ ಮಾತ್ರ ಕೆಲವು ದಿನ ಹಾಗೇ ಉಳಿಯಿತು. ಆ ಮೊದಲ ರಾತ್ರಿ ಕಳೆದು ಬೆಳಗಿನ ಜಾವಕ್ಕೆ ಎಚ್ಚರವಾದಾಗ ಅಮ್ಮನ ಮೇಲೆ ಚಿಕ್ಕಮ್ಮನ ಕಂಬಳಿ ಇದ್ದದ್ದನ್ನು ಕಂಡೆ. ಯಾವಾಗ ಹೊದಿಸಿದ್ದಳೋ ತಿಳಿಯದು. ಎದ್ದ ಮೇಲೆ ಅವಳು ಅದನ್ನು ಎಳೆದುಕೊಂಡು, ಕಂಬಳಿಯನ್ನೂ ಬಿಡೋದಿಲ್ಲ ಈ ಮನೆಯವರು ಎಂದಳು.

ಮಳೆಗಾಲ ಕಳೆಯಿತು. ಚಿಕ್ಕಬೋರಯ್ಯ ಬಂದು ಬೀದಿಗೋಡೆಯ ಮೇಲೆ ಬಾಗಿಲಿನ ಅಳತೆಗೆ ಕೆಮ್ಮಣ್ಣಿನ ಗೆರೆ ಹಾಕಿ, ಬರುವ ಸೋಮವಾರ ಸುತ್ತಿಗೆ ತರುತ್ತೇನೆ ಎಂದ. ನಾನು ದಿನವೂ ಆ ಗೆರೆಯ ಮುಂದೆ ಓಡಾಡಿದೆ. ಗಾಡಿಯನ್ನು ಅಷ್ಟು ದಿನ ಸೇರಿ ಕಟ್ಟಿದವರು ಒಂದು ಮಾತು ಹೇಳಿಯಾರೆಂದು ಕಾದೆ. ಯಾರೂ ಹೇಳಲಿಲ್ಲ. ಅಪ್ಪ ಚಿಕ್ಕಪ್ಪನ ಬಾಯಿಂದ ಬರಲೆಂದು ಕಾಯುತ್ತಿದ್ದ. ಚಿಕ್ಕಪ್ಪ ಹೆಂಡತಿಯ ಮುಖ ನೋಡುತ್ತಿದ್ದ. ಚಿಕ್ಕಮ್ಮ ಬೆಳಿಗ್ಗೆ ಎದ್ದರೆ ಹೊಸ ಬಾಗಿಲಿಗೆ ಎಂಥ ತೋರಣ ಕಟ್ಟಬೇಕೆಂದು ಜೋರಾಗಿ ಹೇಳುತ್ತ ಪಾತ್ರೆ ಕುಕ್ಕುತ್ತಿದ್ದಳು.

ಭಾನುವಾರ ಸಂಜೆ ದೀಪ ಹಚ್ಚುತ್ತಿದ್ದಂತೆ ತಟ್ಟು ಬಿತ್ತು.

ತಟ್ಟಿದ ಮನೆಯ ಗೋಡೆಯನ್ನು ಆ ಪಕ್ಷ ಕಳೆಯುವವರೆಗೆ ಯಾವ ಗಾರೆಯವನೂ ಮುಟ್ಟುವುದಿಲ್ಲ. ಸೋಮವಾರ ಬಂದ ಚಿಕ್ಕಬೋರಯ್ಯ, ಬಯಲಿನಿಂದ ಗಾಡಿ ಎಳೆದುಕೊಂಡು ಬರುತ್ತಿದ್ದ ನಮ್ಮನ್ನು ನೋಡಿ, ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದ. ಪಕ್ಷ ಕಳೆಯಿತು, ಮತ್ತೊಂದು ದಿನ ಗೊತ್ತಾಯಿತು. ಅದರ ಹಿಂದಿನ ಸಂಜೆ ಮತ್ತೆ ತಟ್ಟು. ಊರಿನವರು ನಮ್ಮ ಮನೆಯ ಕಡೆ ಕನಿಕರದಿಂದ ನೋಡತೊಡಗಿದರು. ಚಹಾದಂಗಡಿಯವನು ನಮಗಾಗಿಯೇ ಒಂದು ಬೆಂಚು ಹಾಕಿಸಿದ. ಚಿಕ್ಕಮ್ಮ ಪ್ರತಿ ಸಲವೂ ಬೈಯುತ್ತಲೇ ಹಾಸಿಗೆ ಸುತ್ತಿದಳು. ಬಯಲಿನಲ್ಲಿ ಅಮ್ಮನ ಕಾಲದೆಸೆಯಿಂದ ಅವಳ ತಲೆದೆಸೆಗೆ ಹೇಗೆ ಬಂದಳೋ, ಹಳೆಯ ಪಿಸುಮಾತು ಮತ್ತೆ ಶುರುವಾಗಿತ್ತು. ಬೆಳಗಾಗಿ ಮನೆ ಸೇರಿದರೆ ಮತ್ತೆ ಎರಡು ಒಲೆ.

ನನಗೆ ಸಂಶಯ ಬಂದದ್ದು ಆಗಲೇ. ಆದರೆ ಅದನ್ನು ಮನಸ್ಸಿನಲ್ಲಿ ಪೂರ್ತಿ ಆಡಿಕೊಳ್ಳಲೂ ಹೆದರಿದೆ. ಏಕೆಂದರೆ ನಮ್ಮ ಊರಿನಲ್ಲಿ ಕಳ್ಳತನಕ್ಕೆ ಕ್ಷಮೆಯಿತ್ತು, ಹೊಡೆದಾಟಕ್ಕೆ ಇತ್ತು. ಸುಳ್ಳು ತಟ್ಟಿಗೆ ಇರಲಿಲ್ಲ. ಮನುಷ್ಯರು ಆ ಸದ್ದನ್ನು ಮಾಡತೊಡಗಿದರೆ ಯಾವ ಮನೆಯವರು ಯಾವುದನ್ನು ನಂಬಿ ಏಳಬೇಕು? ಸುಳ್ಳು ತಟ್ಟಿದವರು ಒಂದು ವರ್ಷ ಗಡಿಗಲ್ಲಿನ ಆಚೆ ಇರಬೇಕು. ಊರೊಳಗೆ ಕಾಲಿಡುವಂತಿಲ್ಲ.

ಮೂರನೆಯ ಸಲ ಗೊತ್ತಾದ ದಿನದ ಹಿಂದಿನ ಸಂಜೆ ನಾನು ಕಣ್ಣಿಟ್ಟು ಕೂತೆ. ಆದರೆ ನಮ್ಮದು ಒಂದೇ ಬಾಗಿಲಿನ ಮನೆ. ಹೊರಗಿನ ಕೆಲಸ ನಾಲ್ವರಿಗೂ ಇತ್ತು. ಅಪ್ಪ ಗಾಡಿಯ ಟೈರಿಗೆ ಗಾಳಿ ಇದೆಯೋ ನೋಡಲು ಹೋದ. ಚಿಕ್ಕಪ್ಪ ಬೀಡಿ ಸೇದಲು ಹೋದ. ಅಮ್ಮ ನೀರಿಗೆಂದು ಬಾವಿಕಟ್ಟೆಗೆ, ಚಿಕ್ಕಮ್ಮ ಪಾತ್ರೆ ತಿಕ್ಕಲು ಮನೆಯ ಪಕ್ಕದ ಕಲ್ಲಿಗೆ. ಒಳಗೆ ನಾನು ಮತ್ತು ಕುರ್ಚಿಯಲ್ಲಿ ಅಜ್ಜಿ. ಮೂರು ಸಲ ಸದ್ದಾಯಿತು. ಓಡಿ ಬಾಗಿಲು ತೆರೆದೆ. ಮೆಟ್ಟಿಲ ಮೇಲೆ ಯಾರೂ ಇಲ್ಲ. ನಾಲ್ವರೂ ನಾಲ್ಕು ಕಡೆಯಿಂದ ಬಂದರು. ನಾಲ್ಕು ಮುಖಗಳಲ್ಲೂ ಒಂದೇ ಗಾಬರಿ.

ಅಂದು ಗಾಡಿಯ ಒಂದು ಚಕ್ರ ಪಂಕ್ಚರ್ ಆಗಿತ್ತು. ಅಣ್ಣತಮ್ಮಂದಿರು ಅದನ್ನು ಬಿಚ್ಚಿ ಹಾಕುವುದರಲ್ಲಿದ್ದರು. ಅಷ್ಟರಲ್ಲಿ ಚಿಕ್ಕಬೋರಯ್ಯ, ಬೆಳಿಗ್ಗೆ ಬೇಗ ಬರುತ್ತೇನೆಂದು ಹೇಳಲು ಬಂದವನು, ಹಾಸಿಗೆಗಳ ಗಂಟು ನೋಡಿ ಮೆಟ್ಟಿಲಲ್ಲೇ ನಿಂತ. ಮತ್ತೆ ತಟ್ಟಿತಾ ಎಂದು ಕೇಳಿದ. ಹೌದೆಂದೆ. ಹಣೆ ಚಚ್ಚಿಕೊಂಡು ಹೊರಡಲು ತಿರುಗಿದವನು ಅಲ್ಲೇ ಕಿವಿ ನಿಮಿರಿಸಿದ.

ನಡುಮನೆಯಿಂದ ಸಣ್ಣಗೆ, ಹದವಾಗಿ, ಗೊರಕೆಯ ಸದ್ದು ಬರುತ್ತಿತ್ತು.

ಅಜ್ಜಿ ಕುರ್ಚಿಯಲ್ಲಿ ಕೂತಲ್ಲೇ ನಿದ್ರೆ ಹೋಗಿದ್ದಳು. ತಟ್ಟಿದ ಮನೆಯಲ್ಲಿ, ಬಾಯಿ ತೆರೆದುಕೊಂಡು, ಸುಖವಾಗಿ. ಅಂಗಳದಲ್ಲಿ ಸ್ಪ್ಯಾನರಿನ ಸದ್ದು ನಿಂತಿತು. ಎಲ್ಲರೂ ಬಂದು ನಿಂತು ಕೇಳಿದೆವು. ಚಿಕ್ಕಬೋರಯ್ಯ ಚೀಲವನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿದ.

"ಈ ದಾರೀಲಿ ಬರಬಾರದಾಗಿತ್ತು ನಾನು," ಎಂದ ನಮ್ಮನ್ನು ನೋಡದೆ. "ಬಂದಾಯ್ತು. ಕೇಳಿಸ್ಕೊಂಡ್ ಮೇಲೆ ಹೇಳ್ದೆ ಇದ್ರೆ ನಾಳೆ ನಾ ಕಟ್ಟಿದ ಮನೇಲಿ ಯಾರ್ ಮಲಗ್ತಾರೆ?"

ಮಾರನೆಯ ದಿನ ಚಾವಡಿ ತುಂಬಿತ್ತು. ಊರಿನ ಹಿರಿಯ ಸಿದ್ದವೀರಪ್ಪನವರು ನಮ್ಮ ಮನೆಗೆ ಹಳೆಯ ಸ್ನೇಹಿತರು. ಉದ್ದನ ಕಾರಿನಲ್ಲಿ ಅವರ ಮೂವರು ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗಿದ್ದರು. ಅವರು ಕೇಳಬೇಕಾದ್ದನ್ನು ಒಂದೇ ಮಾತಿನಲ್ಲಿ ಕೇಳಿದರು: ತಟ್ಟಿದವರು ಯಾರು?

ಅಪ್ಪ ಎದ್ದು ನಿಂತು, ನಾನೇ ಎಂದ. ಮರುಗಳಿಗೆಯಲ್ಲಿ ಚಿಕ್ಕಪ್ಪ ಎದ್ದ.

"ಅಣ್ಣ ಸುಳ್ ಹೇಳ್ತಾ ಇದ್ದಾನೆ. ತಟ್ಟಿದ್ದು ನಾನು. ಕಾರು ಕೆಡ್ಸಿದ್ದೂ ನಾನೇ, ನೀರು ನೋಡಿರ್ಲಿಲ್ಲ. ಎರಡನ್ನೂ ಬರ್ಕೊಳಿ."

ಅಪ್ಪ ತಮ್ಮನ ತೋಳು ಹಿಡಿದು ಕೂರಿಸಲು ನೋಡಿದ, ಅವನು ಕೂರಲಿಲ್ಲ. ಅಷ್ಟರಲ್ಲಿ ಅಮ್ಮ ಹೆಂಗಸರ ನಡುವಿನಿಂದ ಎದ್ದು, ಅವರಿಬ್ಬರನ್ನೂ ಬಿಡಿ, ನನ್ನನ್ನು ಕೇಳಿ ಎಂದಳು. ಚಾವಡಿಯ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಚಿಕ್ಕಮ್ಮ ಏಳಲು ನೆಲಕ್ಕೆ ಕೈಯೂರಿದಳು. ಪಕ್ಕದ ಕುರ್ಚಿಯಲ್ಲಿದ್ದ ಅಜ್ಜಿ ಅವಳ ಭುಜದ ಮೇಲೆ ಕೈ ಹಾಕಿ, ಕಾಲು ಜೋಮು ಹಿಡಿದಿದೆ, ಸ್ವಲ್ಪ ಒತ್ತು ಎಂದಳು. ಚಿಕ್ಕಮ್ಮ ತಲೆ ತಗ್ಗಿಸಿ ಒತ್ತತೊಡಗಿದಳು.

ಸಿದ್ದವೀರಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒಂದು ಬಾಗಿಲನ್ನು ಮೂವರು ತಟ್ಟಲಾಗದು ಎಂದರು. ತಟ್ಟಿದವರು ಯಾರೆಂದು ತಿಳಿಯದಿದ್ದರೆ ಆ ಬಾಗಿಲಿನ ಒಳಗಿರುವವರೆಲ್ಲರೂ ಹೊರಗಿರಬೇಕೆಂಬ ಕಟ್ಟಳೆಯನ್ನು ಬೇಸರದಿಂದಲೇ ನೆನಪಿಸಿದರು. ಆಮೇಲೆ ದನಿ ತಗ್ಗಿಸಿ, ಸ್ನೇಹಿತರಾಗಿ, ಒಂದು ದಾರಿ ತೋರಿಸಿದರು. ಈ ಸಲ ನಿಮ್ಮ ಮನೆಗೆ ನಿಜವಾದ ತಟ್ಟು ಬಿದ್ದಿಲ್ಲವಾದ್ದರಿಂದ ಗೋಡೆ ಮುಟ್ಟಲು ಅಡ್ಡಿಯಿಲ್ಲ. ಗೆರೆ ಹಾಕಿಯಾಗಿದೆ, ಚಿಕ್ಕಬೋರಯ್ಯನ ಸುತ್ತಿಗೆಯೂ ಇಲ್ಲೇ ಇದೆ. ತೀರ್ಪು ಹೇಳುವ ಮೊದಲು ಬಾಗಿಲು ಒಡೆಸಿಬಿಡಿ. ಆಗ ಮನೆ ಎರಡಾಗುತ್ತದೆ. ಒಂದು ಕಡೆಯವರು ಹೊರಗೆ ಹೋದರೆ ಸಾಕು, ಇನ್ನೊಂದು ಕಡೆಯವರು ಉಳಿಯುತ್ತಾರೆ. ಅಜ್ಜಿಯೂ ಒಳಗಿರಬಹುದು. ಯಾವ ಕಡೆ ಎಂಬುದನ್ನು ನೀವೇ ಹೇಳಿ.

ನ್ಯಾಯವಾದ ಮಾತಾಗಿತ್ತು. ಅಣ್ಣತಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡಿದರು. ಇಷ್ಟು ದಿನ ನೋಡದೆ ಉಳಿಸಿಕೊಂಡಿದ್ದನ್ನೆಲ್ಲ ಅಂದೇ ನೋಡಿ ಮುಗಿಸುವವರಂತೆ ನೋಡಿದರು. ಒಂದು ಹೂಂ ಎಂದರೆ ಮುಗಿಯಿತು.

"ಬೋರಯ್ಯ," ಎಂದ ಚಿಕ್ಕಪ್ಪ, "ನಿನ್ ಸುತ್ಗೆ ಮನೆಗ್ ತಗೊಂಡ್ ಹೋಗು."

"ಗೆರೆ ಅಳಿಸ್ಬಿಟ್ ಹೋಗು," ಎಂದ ಅಪ್ಪ.

ಹೀಗೆ ನಾವು ಒಂದು ವರ್ಷಕ್ಕೆ ಊರು ಬಿಟ್ಟೆವು. ನನ್ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ವರ್ಷ ಬರಲಿಲ್ಲ. ಗಾಡಿಯಲ್ಲಿ ಅಜ್ಜಿ, ಅವಳ ಸುತ್ತ ಪಾತ್ರೆ, ಅಕ್ಕಿ, ನನ್ನ ಹೊಲಿಗೆ ಯಂತ್ರ. ಬೀದಿಯವರು ಗಡಿಗಲ್ಲಿನವರೆಗೂ ಬಂದು ತಳ್ಳಿಕೊಟ್ಟರು. ಶಿಕ್ಷೆಗೆ ಹೋಗುವವರನ್ನು ಹೀಗೆ ಕಳಿಸಿದ್ದು ಊರಿನಲ್ಲಿ ಅದೇ ಮೊದಲಂತೆ. ಫಕ್ರುದ್ದೀನ್ ಹಿಂದೆ ಹಿಂದೆ ಬರುತ್ತ, ಈ ಬೆಸುಗೆ ನೂರು ವರ್ಷ ಬರುತ್ತದೆ, ನೀವು ಬರೀ ಒಂದು ವರ್ಷಕ್ಕೆ ಹೋಗುತ್ತಿದ್ದೀರಿ ಎಂದು ಎಲ್ಲರಿಗೂ ಹೇಳಿದ. ಆ ವರ್ಷ ನನ್ನ ಶಿಷ್ಯೆಯರು ಬಯಲಿಗೇ ಬಂದು ಹೊಲಿಗೆ ಕಲಿತರು. ತಟ್ಟಿಸಿಕೊಂಡು ಬಂದವರು ಯಾರೇ ಆಗಲಿ, ನಮ್ಮಲ್ಲಿ ಮಜ್ಜಿಗೆ ಕುಡಿದು, ನಾಲ್ಕು ಮಾತಾಡಿ ಮಲಗಿದರು. ಆದರೆ ಅದೆಲ್ಲ ಆಮೇಲಿನ ಮಾತು.

ಮೊದಲನೆಯ ದಿನ ಬಯಲಿನಲ್ಲಿ ಇನ್ನೂ ಬೆಳಕಿತ್ತು. ಹಿಂಬಾಗಿಲನ್ನು ಮೇಲಕ್ಕೆತ್ತಿ, ಅದರ ಅಂಚಿಗೆ ಟಾರ್ಪಾಲು ಕಟ್ಟಿ, ಎರಡು ಗಳ ನೆಟ್ಟಾಗ ಪುಟ್ಟದೊಂದು ಜಗಲಿಯಾಯಿತು. ಅಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ಒಂದೇ ಒಲೆ. ಅಮ್ಮ ಅನ್ನ ಬಸಿದಳು, ಚಿಕ್ಕಮ್ಮ ಹುಳಿ ಕುದಿಸಿದಳು. ಯಾರು ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳಲಿಲ್ಲ. ಅಜ್ಜಿ ಗಾಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ನಾವು ನೆಲದ ಮೇಲೆ ಸಾಲಾಗಿ ಕೂತೆವು. ಎರಡನೆಯ ಸಲ ಅನ್ನ ಹಾಕಿಸಿಕೊಂಡ ಮೇಲೆ ಚಿಕ್ಕಪ್ಪ ಅಪ್ಪನ ಕಡೆ ತಿರುಗಿದ.

"ಅಣ್ಣಾ, ಈಗಲಾದ್ರೂ ಹೇಳು. ಯಾಕ್ ತಟ್ಟಿದೆ?"

ಅಪ್ಪನ ಕೈಯ ತುತ್ತು ಬಾಯಿಗೆ ಹೋಗದೆ ನಿಂತಿತು.

"ನಾನೆ? ನೀನ್ ತಟ್ಟಿದೀಯ, ನಿನ್ನೊಬ್ಬನ್ನೇ ಆಚೆ ಕಳಿಸ್ತಾರಲ್ಲ ಅಂತ ನಾ ಎದ್ದಿದ್ದು."

"ನಾ ಎದ್ದಿದ್ದೂ ಅದಕ್ಕೇ."

ಇಬ್ಬರೂ ಒಟ್ಟಿಗೆ ಅಮ್ಮನ ಕಡೆ ನೋಡಿದರು. ಅಮ್ಮ ನೀರಿನ ಚೊಂಬನ್ನು ಕೆಳಗಿಟ್ಟು, ನನ್ನ ಯಾಕೆ ನೋಡ್ತೀರಿ, ನಿಮ್ಮಿಬ್ಬರಲ್ಲಿ ಯಾರೋ ಒಬ್ಬರು ಅಂತ ತಿಳಿದು ಅಡ್ಡ ಬಂದೆ ಅಷ್ಟೇ ಎಂದಳು. ಆಮೇಲೆ ಮೂವರೂ ನನ್ನನ್ನು ನೋಡಿದರು. ಮೂರನೆಯ ತಟ್ಟು ಬಿದ್ದಾಗ ನಾನು ಒಳಗೇ ಇದ್ದೆನೆಂಬುದು ನೆನಪಾಗಿ ಕಣ್ಣು ಹೊರಳಿಸಿದರು. ಒಲೆಯಲ್ಲಿ ಸೌದೆ ಚಟಚಟ ಎಂದಿತು. ಗಾಡಿಯ ಒಳಗಿನ ಆ ದೊಡ್ಡ ನಗು ನಮ್ಮೆಲ್ಲರ ತಲೆಯ ಮೇಲೆ ಹರಡಿಕೊಂಡಿತ್ತು. ಖಾಲಿಯಾದ ಪಾತ್ರೆಯ ತಳಕ್ಕೆ ಸೌಟು ಬಡಿಯುತ್ತಿದ್ದ ಸದ್ದೊಂದು ಆಗ ನಿಂತಿತು.

ಅಜ್ಜಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು:

"ಸೌಟು ಕೆಳಗಿಟ್ಟು ಒಪ್ಕೊಂಡ್ ಬಿಡೇ, ದಾಕ್ಷಾಯಣಿ."